ಒಂಬತ್ತಕ್ಕೆ ಒಂಬತ್ತು ಕೂಡಿಸಿದರೆ ಸೊನ್ನೆ

ದೇವರಾಯಸಮುದ್ರದ ಚನ್ನರಾಯಪ್ಪನಿಗೆ ಕರೆಂಟಿನ ವಿದ್ಯೆ ಗೊತ್ತು ಎಂಬ ನಂಬಿಕೆ ಊರಿನಲ್ಲಿ ಹೇಗೆ ಹುಟ್ಟಿತೆಂದು ಹೇಳುವುದು ಕಷ್ಟವಲ್ಲ. ಅವನು ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತನಾದವನು. ಅಲ್ಲಿ ಅವನದು ಮೀಟರ್ ಓದುವ ಕೆಲಸ. ಮನೆಮನೆಯ ಹೊಸ್ತಿಲಲ್ಲಿ ನಿಂತು, ಕತ್ತೆತ್ತಿ, ಪೆಟ್ಟಿಗೆಯೊಳಗಿನ ಅಂಕಿಯನ್ನು ಗಟ್ಟಿಯಾಗಿ ಓದಿ, ಬರೆದುಕೊಂಡು ಮುಂದಿನ ಮನೆಗೆ ಹೋಗುವುದು. ದೇವಸ್ಥಾನದ ಹೊರಗೆ ಚಪ್ಪಲಿ ಕಾಯುವವನಿಗೆ ಒಳಗಿನ ದೇವರ ಪರಿಚಯ ಎಷ್ಟಿರುತ್ತದೋ ಚನ್ನರಾಯಪ್ಪನಿಗೆ ಕರೆಂಟಿನ ಪರಿಚಯವೂ ಅಷ್ಟೇ ಇತ್ತು. ಆದರೆ ಊರು ಅಷ್ಟು ದೂರ ಯೋಚಿಸುವುದಿಲ್ಲ. ಯಾರ ಮನೆಯಲ್ಲಿ ಬಲ್ಬು ಮಿಣುಕಿದರೂ ಅವನನ್ನು ಕರೆಯುವರು. ಅವನು ಹೋಗಿ, ಬಲ್ಬನ್ನು ಬಹಳ ಹೊತ್ತು ನೋಡಿ, "ವೋಲ್ಟೇಜು" ಎಂದು ಹೇಳಿ, ಕಾಫಿ ಕುಡಿದು ಬರುವನು. ಇದರಿಂದ ಈವರೆಗೆ ಯಾರಿಗೂ ಹಾನಿಯಾಗಿರಲಿಲ್ಲ.

ಅವನಿಗಿದ್ದ ನಿಜವಾದ ಅಭ್ಯಾಸ ಬೇರೆ. ಪ್ರತಿ ಸಂಜೆ ಭಜನೆ ಮಂದಿರಕ್ಕೆ ಹೋಗಿ ಪುರಾಣ ಕೇಳುವುದು. ಓದುವವನು ಗಂಗುಲಪ್ಪ. ಷಟ್ಪದಿಯನ್ನು ರಾಗವಾಗಿ ಓದಿ, ಅರ್ಥ ಹೇಳಿ, ಎಲೆಯಡಿಕೆಗೆ ಬಾಯಿ ಬಿಡುವಷ್ಟು ಹೊತ್ತು ನಿಲ್ಲಿಸಿ, ಮತ್ತೆ ಎತ್ತಿಕೊಳ್ಳುವ ಹಳೆಯ ಕಾಲದ ವಾಚಕ. ಒಂದು ಕಾಲದಲ್ಲಿ ಜಗಲಿ ತುಂಬಿ ಬೀದಿಯಲ್ಲಿ ಕೂರುತ್ತಿದ್ದರಂತೆ. ಈಗ ಕೇಳುವವನು ಚನ್ನರಾಯಪ್ಪ ಒಬ್ಬ. ಓದು ಮುಗಿದ ಮೇಲೆ ಗಂಗುಲಪ್ಪ ಮಂಗಳಾರತಿ ತಟ್ಟೆಯನ್ನು ಅವನ ಮುಂದೆ ಹಿಡಿಯುವನು. ಅವನು ಕಣ್ಣಿಗೊತ್ತಿಕೊಂಡ ಮೇಲೆ, ಅಭ್ಯಾಸಬಲದಿಂದ, ಖಾಲಿ ಚಾಪೆಯ ಉದ್ದಕ್ಕೂ ತಟ್ಟೆಯನ್ನು ತೋರಿಸಿಕೊಂಡು ಬರುವನು.

ನವರಾತ್ರಿಯ ನಡುವೆ ಒಂದು ಸಂಜೆ ಗಂಗುಲಪ್ಪ ತಟ್ಟೆ ಕೆಳಗಿಟ್ಟು ಹೇಳಿದ: "ಹುಣ್ಣಿಮೆ ತನಕ ಓದ್ತೀನಿ ಚನ್ನರಾಯಪ್ಪ. ಆಮೇಲೆ ಶ್ರೀನಿವಾಸಪುರಕ್ಕೆ ಮಗಳ ಮನೆಗೆ ಹೋಗ್ಬಿಡ್ತೀನಿ. ಮಾವಿನ ತೋಪೈತೆ. ಮರಕ್ಕೆ ಓದಿದ್ರೂ ಎಲೆ ಆದ್ರೂ ಅಲ್ಲಾಡ್ತದೆ."

ಸುದ್ದಿ ಟೀ ಅಂಗಡಿಗೆ ಬಂತು. ಅಲ್ಲಿದ್ದವರಿಗೆಲ್ಲ ತುಂಬ ಬೇಸರವಾಯಿತು. ಯಾರೂ ಕೇಳಲು ಹೋಗದಿದ್ದರೂ, ಓದುವವನೊಬ್ಬ ಇದ್ದಾನೆ ಎಂಬುದು ಊರಿಗೆ ಗೌರವದ ಮಾತು. ಪಂಚಾಯಿತಿ ಮೆಂಬರ್ ಉಮೇಶ್ ಮಾತ್ರ ಉಪಾಯ ಹೇಳಿದ.

"ಜನ ಮಂದಿರಕ್ಕೆ ಬರಲ್ಲ ಅಂದ್ರೆ ಮಂದಿರನೇ ಜನದ ಹತ್ರ ಕಳ್ಸಬೇಕು. ಅಟ್ಟದ ಮೇಲೆ ಹಳೇ ಮೈಕ್ ಸೆಟ್ಟು ಐತಲ್ಲ? ಹಾರ್ನು ಗೋಪುರದ ಮೇಲೆ ಹಂಗೇ ಐತೆ."

"ಅದು ಬ್ಯಾಟ್ರಿ ಸೆಟ್ಟು ಕಣಪ್ಪ," ಎಂದ ಚನ್ನರಾಯಪ್ಪನ ಎದುರುಮನೆಯ ಮುನಿಯಲ್ಲಪ್ಪ. "ಟ್ರಾಕ್ಟರ್ ಬ್ಯಾಟ್ರಿ ಎರಡು ಜೋಡಿಸಿ ಇಪ್ಪತ್ನಾಲ್ಕು ವೋಲ್ಟ್ ಕೊಡಬೇಕು. ಬ್ಯಾಟ್ರಿಗಳು ಸತ್ತು ಎಷ್ಟೋ ದಿನ ಆಯ್ತು. ನೇರ ಕರೆಂಟ್ ಕೊಟ್ರೆ ಸೆಟ್ಟೂ ಸಾಯ್ತದೆ, ಕೊಟ್ಟೋನೂ ಸಾಯ್ತಾನೆ."

ಆಗ ಚನ್ನರಾಯಪ್ಪ ಲೋಟ ಕೆಳಗಿಟ್ಟು, ಯಾರೂ ಕೇಳದೆ ಹೇಳಿಬಿಟ್ಟ: "ಒಂದು ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟು ಇಳಿಸಿದ್ರಾಯ್ತು. ಇಷ್ಟು ವರ್ಷ ಇಲಾಖೇಲಿದ್ದೋನಿಗೆ ಇದೇನು ದೊಡ್ಡದಾ?"

ಅಂಗಡಿಯವನು ಹೇಳದೆಯೇ ಅವನ ಲೋಟಕ್ಕೆ ಇನ್ನಷ್ಟು ಟೀ ಸುರಿದ. ಆ ಟೀಯಲ್ಲಿ ಗೌರವವಿತ್ತು. ಚನ್ನರಾಯಪ್ಪ ಮಾತ್ರ ಅದನ್ನು ಮುಟ್ಟಲಿಲ್ಲ.

ಅಷ್ಟು ಅಂಜುಬುರುಕ ಯಾಕೆ ಆ ಮಾತಾಡಿದನೆಂದರೆ, ಅದಕ್ಕೆ ಅವನ ಮನೆಯ ಗೋಡೆಯ ವಿಷಯ ಹೇಳಬೇಕು.

ಚನ್ನರಾಯಪ್ಪನ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿಲ್ಲ. ಅಕ್ಕ ಭಾರತಮ್ಮ, ಅವಳ ಗಂಡ ಮಾಲೂರಿನ ಕಡೆ ಇನ್ನೊಂದು ಸಂಸಾರ ಹೂಡಿದ ಮೇಲೆ, ತವರಿಗೆ ಬಂದಳು. ಮೊದಲು ಒಂದೇ ಒಲೆ. ಆಮೇಲೆ ಯಾವುದೋ ಹಬ್ಬದಲ್ಲಿ ಒಬ್ಬಟ್ಟಿನ ಹೂರಣಕ್ಕೆ ಬೆಲ್ಲ ಕಮ್ಮಿಯೆಂದು ಅವನು ಅಂದ, ನಿನ್ನ ಹೆಂಡತಿ ಹಾಕುತ್ತಿದ್ದಷ್ಟೇ ಹಾಕಿದ್ದೇನೆಂದು ಅವಳಂದಳು. ಹೂರಣದಿಂದ ಹೊರಟ ಮಾತು ತಾಲ್ಲೂಕು ಕಚೇರಿಯ ತನಕ ಹೋಗಿ, ಮನೆ ಎರಡು ಭಾಗವಾಯಿತು. ಅಳೆಯಲು ಬಂದವನು ನೂಲು ಹಿಡಿದರೆ ಅದು ಹಜಾರದ ಒರಳುಕಲ್ಲಿನ ಮೇಲೇ ಹಾಯ್ದಿತು. ಇಬ್ಬರೂ ಒರಳು ಬಿಡಲಿಲ್ಲ. ಗೋಡೆಯನ್ನು ಒರಳಿನ ಮೇಲೆಯೇ ಕಟ್ಟಿದರು. ಅಂದಿನಿಂದ ಇಬ್ಬರಿಗೂ ಅರ್ಧರ್ಧ ಒರಳಿದೆ. ರುಬ್ಬಲು ಇಬ್ಬರಿಗೂ ಆಗುವುದಿಲ್ಲ.

ಅಂದಿನಿಂದ ಮಾತೂ ಇಲ್ಲ. ಇಲ್ಲವೆಂದರೆ ಪೂರ್ತಿ ಇಲ್ಲವೆಂದಲ್ಲ. ಭಾರತಮ್ಮ ತನ್ನ ಹಸುವಿಗೆ ಹೇಳುವಳು, ಚನ್ನರಾಯಪ್ಪ ತನ್ನ ಸೈಕಲ್ಲಿಗೆ ಹೇಳುವನು.

"ಲೇ ಗೌರಿ, ಕೆಲವರ ಮನೇಲಿ ಹಾಲು ಉಕ್ಕಿ ಒಲೆ ಮೇಲೆ ಹೋಗ್ತಾ ಐತೆ. ಮೂಗು ಇದ್ದೋರಿಗೆ ವಾಸನೆ ಬರ್ಬೇಕು," ಎಂದು ಹಿತ್ತಿಲಿನಿಂದ ಬರುವುದು.

ಚನ್ನರಾಯಪ್ಪ ಓಡಿಹೋಗಿ ಹಾಲು ಇಳಿಸಿ, ಬಂದು ಸೈಕಲ್ಲಿನ ಸೀಟು ಒರೆಸುತ್ತ, "ಊರೋರ ಒಲೆ ಕಾಯೋಕೆ ಕೆಲವರಿಗೆ ಸಂಬಳ ಕೊಡ್ತಾರೇನೋಪ್ಪ," ಎನ್ನುವನು.

ಪುರಾಣದ ರುಚಿ ಹತ್ತಿಸಿದವಳು ಇದೇ ಅಕ್ಕ. ಚಿಕ್ಕವನಿದ್ದಾಗ ಸೊಂಟದ ಮೇಲೆ ಹೊತ್ತು ಮಂದಿರಕ್ಕೆ ಒಯ್ಯುತ್ತಿದ್ದಳು. ಅವನು ತೊಡೆಯ ಮೇಲೆ ನಿದ್ದೆ ಮಾಡಿದರೆ, ಮನೆಗೆ ಬರುವ ದಾರಿಯಲ್ಲಿ ತಪ್ಪಿಹೋದ ಕಥೆಯನ್ನೆಲ್ಲ ಹೇಳುತ್ತಿದ್ದಳು. ಈಗ ಅವಳ ಮಂಡಿ ಕೂತುಬಿಟ್ಟಿದೆ. ಕೊಟ್ಟಿಗೆಗೆ ಹೋಗಿಬರುವುದೇ ಹೆಚ್ಚು. ಮಂದಿರ ಬೀದಿಯ ಆ ಕೊನೆ. ಸಂಜೆ ಅವನು ಹೊರಟಾಗ ಅವಳು ಬಾಗಿಲಲ್ಲಿ ಕೂತಿರುತ್ತಾಳೆ. ಅವನು ಎಲ್ಲಿಗೆ ಹೋಗುತ್ತಾನೆಂದು ಅವಳಿಗೆ ಗೊತ್ತು. ಹಿಂದಿರುಗಿ ಬಂದಾಗಲೂ ಹಾಗೇ ಕೂತಿರುತ್ತಾಳೆ. ಇವತ್ತು ಏನು ಓದಿದರು ಎಂದು ಕೇಳಲು ಆಗದು. ಇವನಿಗೆ ಹೇಳಲು ಆಗದು. ಇಡೀ ಸಂಧಿಯನ್ನು ಸೈಕಲ್ಲಿಗೆ ಹೇಳಿದರೆ ಊರು ಹುಚ್ಚನೆನ್ನುತ್ತದೆ.

ಹಾರ್ನು ಮಾತಾಡಿದರೆ ಅವಳಿಗೆ ಕೇಳಿಸುತ್ತದೆ. ಗಂಗುಲಪ್ಪ ಹೊರಟುಹೋದರೆ ಅದೂ ಇಲ್ಲ. ಟೀ ಅಂಗಡಿಯಲ್ಲಿ ಬಾಯಿ ಜಾರಿದ್ದು ಇದಕ್ಕೆ.

*

ಮುಳಬಾಗಿಲಿನಲ್ಲಿ ಮೈಕ್ ರಿಪೇರಿ ಅಂಗಡಿಯ ಅನಿಲ್‌ಕುಮಾರ್ ಒಂದು ಕಿವಿಯಲ್ಲಿ ಫೋನು, ಇನ್ನೊಂದರಲ್ಲಿ ಗಿರಾಕಿ ಇಟ್ಟುಕೊಂಡು ವ್ಯಾಪಾರ ಮಾಡುವ ಮನುಷ್ಯ. ಸೆಟ್ಟಿನ ವಿಷಯ ಕೇಳಿ, ಕಬ್ಬಿಣದ ಇಟ್ಟಿಗೆಯಂಥದೊಂದನ್ನು ಮೇಜಿನ ಮೇಲೆ ಕುಕ್ಕಿದ.

"ನೋಡಿ ಸಾರ್. ಈ ಕಡೆ ಮನೆ ಕರೆಂಟು ಕೊಡೋದು. ಆ ಕಡೆ ಎರಡು ಸುತ್ತು, ಒಂದೊಂದು ಒಂಬತ್ತು ವೋಲ್ಟು. ಎರಡನ್ನೂ ಸಾಲಾಗಿ ಸೇರಿಸಿದ್ರೆ ಹದಿನೆಂಟು."

"ನಮಗೆ ಇಪ್ಪತ್ನಾಲ್ಕು ಬೇಕಲ್ಲಪ್ಪ."

"ಹದಿನೆಂಟನ್ನ ಈ ಬ್ರಿಡ್ಜಿಗೆ ಕೊಟ್ಟು, ಈ ದಪ್ಪ ಕೆಪಾಸಿಟರ್ ದಾಟಿಸಿದ್ರೆ ಇಪ್ಪತ್ನಾಲ್ಕರ ಹತ್ರ ಆಗ್ತದೆ."

ಹದಿನೆಂಟು ಒಳಗೆ ಹೋಗಿ ಇಪ್ಪತ್ನಾಲ್ಕಾಗಿ ಹೊರಗೆ ಬರುವುದನ್ನು ಚನ್ನರಾಯಪ್ಪ ಪುರಾಣಗಳಲ್ಲಿ ಕೇಳಿದ್ದ, ಆದ್ದರಿಂದ ಪ್ರಶ್ನಿಸಲಿಲ್ಲ.

"ಸೇರಿಸೋವಾಗ ಒಂದೇ ಒಂದು ಜ್ಞಾಪಕ ಇರ್ಲಿ," ಅನಿಲ್‌ಕುಮಾರ್ ಫೋನಿನವನಿಗೆ 'ಒಂದ್ನಿಮಿಷ' ಎಂದು ಹೇಳಿ ಬಗ್ಗಿದ. "ಆ ಕಡೆ ನಾಲ್ಕು ಕಡ್ಡಿ ಐತೆ. ಮೊದಲ್ನೇ ಎರಡು ಒಂದು ಸುತ್ತಿನ ಎರಡು ತುದಿ, ಆಮೇಲಿನ ಎರಡು ಇನ್ನೊಂದರದು. ಸುತ್ತು ಶುರುವಾಗೋ ತುದೀಗೆ ಚುಕ್ಕೆ ಇಟ್ಟಿರ್ತೀನಿ. ಚುಕ್ಕೆ ಇರೋದು ತಲೆ, ಇಲ್ಲದ್ದು ಕಾಲು. ಮೊದಲನೇದರ ಕಾಲಿಗೆ ಎರಡನೇದರ ತಲೆ ಕಟ್ಟಿ. ಕಾಲಿಗೆ ಕಾಲು ಕಟ್ಟಿದ್ರೆ ಒಂದು ಎಳೆದಿದ್ದನ್ನ ಇನ್ನೊಂದು ತಳ್ತದೆ, ಏನೂ ಬರಲ್ಲ. ಚುಕ್ಕೆ ನೋಡ್ಕೊಳ್ಳಿ, ಚುಕ್ಕೆ!"

ಚುಕ್ಕೆ, ಚುಕ್ಕೆ ಎಂದು ಜಪ ಮಾಡುತ್ತ ಚನ್ನರಾಯಪ್ಪ ಕಾಗದದ ಪೊಟ್ಟಣವನ್ನು, ಅದರ ಜೊತೆಗೊಂದು ಹಳದಿ ಮೀಟರನ್ನು ಮನೆಗೆ ತಂದು, ಪೊಟ್ಟಣ ಬಿಚ್ಚಿ, ಒಳಗಿರುವುದನ್ನು ಸರಿಯಾಗಿ ನೋಡಲು ಧೈರ್ಯ ಸಾಲದೆ ಗೂಡಿನಲ್ಲಿಟ್ಟ. ಮರುದಿನ ಆಯುಧಪೂಜೆ. ಹಬ್ಬದ ದಿನ ಒಬ್ಬನೇ ಮನೆಯಲ್ಲಿದ್ದರೆ ಗಡಿಯಾರದ ಸದ್ದೂ ಅಣಕಿಸಿದಂತೆ ಕೇಳುತ್ತದೆ. ಅವನು ಬೆಳಗ್ಗೆಯೇ ಬಾಗಿಲು ಹಾಕಿ, ಬೀಗದ ಕೈಯನ್ನು ಅಮ್ಮನ ಕಾಲದಿಂದ ಇಡುವಂತೆ ಬಾಗಿಲ ಮೇಲಿನ ಸಂದಿಯಲ್ಲಿಟ್ಟು, ಮುಳಬಾಗಿಲ ಆಂಜನೇಯನ ಗುಡಿಗೆ ಹೋಗಿ ಸಂಜೆಯವರೆಗೂ ಕಂಬಕ್ಕೊರಗಿ ಕೂತು ಬಂದ.

ವಿಜಯದಶಮಿಯ ಬೆಳಗ್ಗೆ ಅಂಗಳದಲ್ಲಿ ಶಾಸ್ತ್ರೋಕ್ತವಾಗಿ ಕೆಲಸ ಆರಂಭವಾಯಿತು. ಚನ್ನರಾಯಪ್ಪ ಸ್ನಾನ ಮಾಡಿ, ಕರೆಂಟು ಹೊಡೆಯದಿರಲೆಂದು ಊಟದ ಮರದ ಮಣೆಯ ಮೇಲೆ ನಿಂತ. ಮುನಿಯಲ್ಲಪ್ಪ, ಅವನ ಹೆಂಡತಿ ಆಂಜಿನಮ್ಮ, ಉಮೇಶ್ ಸುತ್ತ ನಿಂತರು. ಟ್ರಾನ್ಸ್‌ಫಾರ್ಮರನ್ನು ಎತ್ತಿ ನೋಡಿದ. ನಾಲ್ಕು ಕಡ್ಡಿ. ಈ ಕೊನೆಯದಕ್ಕೊಂದು, ಆ ಕೊನೆಯದಕ್ಕೊಂದು, ಎರಡು ದುಂಡನೆಯ ಕೆಂಪು ಚುಕ್ಕೆ.

"ಎಂಥಾ ಅಚ್ಚುಕಟ್ಟು ನೋಡ್ರಪ್ಪ! ಆ ಅನಿಲ್‌ಕುಮಾರು ಮಾತು ದಡಬಡ ಆದ್ರೂ ಕೈ ಮಾತ್ರ ಚಿತ್ರಗಾರಂದು."

ಚುಕ್ಕೆಯಿಲ್ಲದ ಎರಡನೆಯ ಕಡ್ಡಿಗೆ ಚುಕ್ಕೆಯಿರುವ ನಾಲ್ಕನೆಯದನ್ನು ತಂತಿಯಿಂದ ಕಟ್ಟಿದ. ಉಳಿದ ಒಂದನೆಯದಕ್ಕೂ ಮೂರನೆಯದಕ್ಕೂ ಮೀಟರಿನ ತಂತಿಗಳ ಮೊನೆ ಹಿಡಿದ. ದೇವರ ಹೆಸರು ಹೇಳಿ ಸ್ವಿಚ್ಚು ಒತ್ತಿಸಿದ. ಟ್ರಾನ್ಸ್‌ಫಾರ್ಮರು ಗುಂಯ್ ಎಂದು, ತಂಬೂರಿಯ ಶ್ರುತಿಯಂತೆ, ಸಣ್ಣಗೆ ಹಾಡಿತು. ಚನ್ನರಾಯಪ್ಪ ಕತ್ತೆತ್ತಿ, ಹಳೆಯ ಅಭ್ಯಾಸದಂತೆ, ಬೀದಿಗೆಲ್ಲ ಕೇಳುವ ಹಾಗೆ ಓದಿದ:

"ಸೊನ್ನೆ!"

"ಹಂಗಾದ್ರೆ ಈ ತಿಂಗಳು ಬಿಲ್ಲಿಲ್ಲ," ಎಂದ ಮುನಿಯಲ್ಲಪ್ಪ.

ಒಂದೊಂದು ಸುತ್ತನ್ನೇ ಅಳೆದ. ಒಂಬತ್ತು. ಇನ್ನೊಂದೂ ಒಂಬತ್ತು. ಎರಡೂ ಸೇರಿದರೆ ಸೊನ್ನೆ.

"ಏಮಯ್ಯಾ ಇದು!" ಎಂದಳು ಆಂಜಿನಮ್ಮ. ಆಶ್ಚರ್ಯವಾದಾಗ ಅವಳಿಗೆ ತೆಲುಗೇ ಬರುವುದು. "ಬೇರೆಬೇರೆ ಇದ್ರೆ ಒಂಬತ್ತೊಂಬತ್ತು, ಸೇರಿದ್ರೆ ಏನೂ ಇಲ್ಲವಾ?"

"ಒಂದೇ ಮನೆ, ಒಂದೇ ಹೊಟ್ಟೆ, ಇಬ್ಬರಿಗೂ ಶಕ್ತಿ ಐತೆ," ಎಂದು ಮುನಿಯಲ್ಲಪ್ಪ ಗಂಭೀರವಾಗಿ ವಿವರಿಸಿದ. "ಆದ್ರೆ ಮುಖ ತಿರುಗಿಸ್ಕೊಂಡು ಕೂತ್ರೆ..."

ಎಲ್ಲರೂ ಒಮ್ಮೆ ಗೋಡೆಯ ಕಡೆ ನೋಡಿ, ನೋಡಲಿಲ್ಲವೆಂಬಂತೆ ಆಕಾಶ ನೋಡಿದರು. ಗೋಡೆಯಾಚೆ ಪೊರಕೆಯ ಸದ್ದು ನಿಂತಿತು.

ಚನ್ನರಾಯಪ್ಪ ಫೋನು ಮಾಡಿದ. ಎಲ್ಲರಿಗೂ ಕೇಳಿಸಲೆಂದು ಉಮೇಶ್ ಸ್ಪೀಕರ್ ಹಾಕಿದ.

"ಅನಿಲ್, ಸೊನ್ನೆ ಬರ್ತಾ ಐತಪ್ಪ."

"ಚುಕ್ಕೆ ಐತಾ ಸಾರ್?"

"ಐತೆ."

"ಎರಡೂ ಐತಾ?"

"ಎರಡೂ ಲಕ್ಷಣವಾಗಿ ಐತೆ."

"ಚುಕ್ಕೆ ಇಲ್ಲದ್ದಕ್ಕೆ ಚುಕ್ಕೆ ಇರೋದು ಕಟ್ಟಿದ್ರಾ?"

"ಕಟ್ಟಿದೀನಿ."

"ಹಂಗಾದ್ರೆ ಹದಿನೆಂಟು ಬರ್ತಾ ಐತೆ ಸಾರ್. ನಿಮಗೆ ಮೀಟರ್ ಓದಕ್ಕೆ ಬರ್ತಿಲ್ಲ."

ಕೋಲಾರ ಜಿಲ್ಲೆಯಲ್ಲಿ ಯಾರೂ ಚನ್ನರಾಯಪ್ಪನಿಗೆ ಈ ಮಾತು ಹೇಳಿರಲಿಲ್ಲ. ಬೈದವರಿದ್ದರು, ನಾಯಿ ಬಿಟ್ಟವರಿದ್ದರು, ಬಿಲ್ಲು ಹೆಚ್ಚಾಯಿತೆಂದು ಶಾಪ ಹಾಕಿದವರಿದ್ದರು. ಓದಲು ಬರುವುದಿಲ್ಲವೆಂದವರಿಲ್ಲ.

"ಏನಂದೆ? ಸುಗಟೂರಿಂದ ಮಾಸ್ತಿ ತನಕ ಹೋಗಿ ಕೇಳು! ಕತ್ತಲು ಗೂಡಲ್ಲಿ, ಜೇಡರ ಬಲೆ ಒಳಗಿದ್ದ ಮೀಟರ್ ಓದಿದೋನು ನಾನು!"

"ಜಗಳ ಬ್ಯಾಡ, ಫೋಟೋ ಕಳ್ಸಾಣ," ಎಂದು ಉಮೇಶ್ ನಡುವೆ ಬಂದು, ಆ ಕಡೆಯಿಂದ ಈ ಕಡೆಯಿಂದ ಟ್ರಾನ್ಸ್‌ಫಾರ್ಮರಿನ ಫೋಟೋ ತೆಗೆದು ಕಳಿಸಿದ. ಕೂಡಲೇ ಅನಿಲ್‌ಕುಮಾರನೇ ಫೋನು ಮಾಡಿದ. ಈ ಸಲ ಅವನ ದನಿ ಸಣ್ಣಗಿತ್ತು.

"ಸಾರ್... ಇದ್ಯಾವ ಚುಕ್ಕೆ? ನಾನಿಟ್ಟಿದ್ದು ಬಿಳೀದು. ಚಾಕ್‌ಪೀಸಲ್ಲಿ. ಒಂದಕ್ಕೆ, ಮೂರಕ್ಕೆ. ಅದನ್ನ ಯಾರೋ ಒರೆಸಿ, ಒಂದಕ್ಕೆ ನಾಲ್ಕಕ್ಕೆ ಕೆಂಪು ಇಟ್ಟವ್ರೆ."

ಆಂಜಿನಮ್ಮ ಹತ್ತಿರ ಬಂದು, ಬೆರಳ ತುದಿಯಿಂದ ಚುಕ್ಕೆ ಮುಟ್ಟಿ, ಮೂಸಿ, ಬೆರಳನ್ನು ದೂರ ಹಿಡಿದಳು.

"ಎಣ್ಣೇಲಿ ಕಲಸಿದ ಕುಂಕುಮ! ಬೀಗ ಹಾಕಿದ ಮನೆ ಒಳಗೆ ಬಂದು ಎಣ್ಣೆ ಕುಂಕುಮ ಇಟ್ಟವ್ರೆ ಅಂದ್ರೆ... ಅಯ್ಯೋ ನಮ್ಮಪ್ಪಾ, ಇದು ಮಾಟ!"

ಮಾಟವೆಂಬ ಮಾತು ಬಿದ್ದದ್ದೇ ಎಲ್ಲರಿಗೂ ಎಲ್ಲವೂ ಸ್ಪಷ್ಟವಾಯಿತು. ವಿದ್ಯೆಗೆ ತಿಳಿಯದ್ದನ್ನು ಇಷ್ಟು ಬೇಗ ತಿಳಿಸುವ ಮಾತು ಇನ್ನೊಂದಿಲ್ಲ. ಮುನಿಯಲ್ಲಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಪುರಾಣ ನಿಲ್ಲಲಿ ಎಂದು ಯಾರೋ ಮಾಡಿಸಿದ್ದಾರೆಂದ. ಉಮೇಶ್ ಪಂಚಾಯಿತಿಯ ದೃಷ್ಟಿಯಿಂದ ಯೋಚಿಸಿದ.

"ಇದು ಹಂಗೇ ಬಿಡೋ ವಿಷಯ ಅಲ್ಲ. ಪೊಲೀಸ್ ಕಂಪ್ಲೇಂಟ್ ಕೊಡಾಣ. ಬ್ಯಾಡ ಅಂದ್ರೆ ಬಾರ್ಡರ್ ಆ ಕಡೆ ಒಬ್ಬ ಸ್ವಾಮಿ ಅವ್ನೆ, ಬಂದು ತೆಗೀತಾನೆ. ಅವನಿಗೆ ಸ್ಕಾರ್ಪಿಯೋ ಕಳಿಸ್ಬೇಕು."

"ಮೊದಲು ಬೇರೆ ಎಲ್ಲಾದ್ರೂ ಇಟ್ಟವ್ರಾ ನೋಡ್ರಿ," ಎಂದಳು ಆಂಜಿನಮ್ಮ. "ಇಂಥಾದ್ದು ಒಂದೇ ಕಡೆ ಇಡಲ್ಲ."

ಹುಡುಕಿದರು. ಮಣೆಯ ಮೇಲಿಂದ ಇಳಿಯಲು ಚನ್ನರಾಯಪ್ಪನಿಗೆ ಧೈರ್ಯ ಬರಲಿಲ್ಲ, ಅಲ್ಲಿಂದಲೇ ನೋಡುತ್ತಿದ್ದ. ಟಾರ್ಚಿನ ತಳದಲ್ಲಿ ಒಂದು ಚುಕ್ಕೆ ಸಿಕ್ಕಿತು. ಕುಡುಗೋಲಿನ ಹಿಡಿಯ ಒಳಮಗ್ಗುಲಲ್ಲಿ ಒಂದು. ರೇಡಿಯೋದ ಬೆನ್ನಿಗೆ ಒಂದು. ಮೊಳೆಗೆ ನೇತುಹಾಕಿದ್ದ ಹಳೆಯ ಇಲಾಖೆಯ ಚೀಲವನ್ನು ತಿರುಗಿಸಿದರೆ, ಗೋಡೆಗೆ ಆತುಕೊಂಡಿದ್ದ ಬದಿಯಲ್ಲಿ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಒಂದೊಂದು ಸಿಕ್ಕಿದಾಗಲೂ ಆಂಜಿನಮ್ಮ "ಇಗೋ! ಇಗೋ!" ಎಂದು ಕೂಗುವಳು, ಮುನಿಯಲ್ಲಪ್ಪ ಎದೆ ಮುಟ್ಟಿಕೊಳ್ಳುವನು, ಉಮೇಶ್ ಫೋಟೋ ತೆಗೆಯುವನು.

ಕೊನೆಗೆ ಸೈಕಲ್ಲು ಉಳಿಯಿತು. ಆಂಜಿನಮ್ಮ ಬಗ್ಗಿ ಕ್ಯಾರಿಯರಿನ ಕೆಳಗೆ ನೋಡಿದಳು. ಅವಳು "ಇಗೋ" ಎನ್ನಲಿಲ್ಲ. ಬಹಳ ಹೊತ್ತು ಬಗ್ಗಿಯೇ ಇದ್ದಳು.

"ಏನೇ, ಏನೈತೆ?" ಎಂದ ಮುನಿಯಲ್ಲಪ್ಪ.

"ಇಲ್ಲಿ ಒಂದಲ್ಲ," ಎಂದಳು. ಅವಳ ದನಿ ಬದಲಾಗಿತ್ತು. "ಒಂದರ ಮೇಲೊಂದು ಐತೆ. ಮೇಲಿಂದು ಹೊಸದು. ಕೆಳಗಿಂದು ಕಪ್ಪಾಗೋಗಿದೆ. ಪ್ರತಿ ವರ್ಷದ್ದೂ ಐತೆ ಇಲ್ಲಿ."

ನಿನ್ನೆ ಆಯುಧಪೂಜೆ ಎಂದು ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಎಲ್ಲರ ಮನೆಯಲ್ಲೂ ಕತ್ತಿ ಗುದ್ದಲಿಗೆ, ಗಾಡಿಗೆ, ಹಾಲು ಅಳೆಯುವ ಕ್ಯಾನಿಗೆ, ಹೆಂಗಸರು ತೊಳೆದು ಒರೆಸಿ ಕುಂಕುಮ ಇಟ್ಟಿದ್ದರು. ಈ ಮನೆಯಲ್ಲಿ ಇಡುವವರಿಲ್ಲವೆಂದು ಎಲ್ಲರೂ ತಿಳಿದಿದ್ದರು. ಬಾಗಿಲ ಮೇಲಿನ ಸಂದಿಯಲ್ಲಿ ಬೀಗದ ಕೈ ಇರುತ್ತದೆಂದು ತಿಳಿದಿರುವವರು ಪ್ರಪಂಚದಲ್ಲಿ ಇಬ್ಬರು. ಅವರಲ್ಲೊಬ್ಬ ಮಣೆಯ ಮೇಲೆ ನಿಂತಿದ್ದ.

ಅವಳು ಅವನಿಗೆ ಕಾಣದಿರಲೆಂದು ಎಲ್ಲದರ ಬೆನ್ನಿಗೆ, ತಳಕ್ಕೆ, ಒಳಮಗ್ಗುಲಿಗೆ ಇಟ್ಟಿದ್ದಳು. ಈ ಕಬ್ಬಿಣದ ಇಟ್ಟಿಗೆಗೆ ಮುಂದೆ ಯಾವುದು, ಹಿಂದೆ ಯಾವುದೆಂದು ಅವಳಿಗೆ ತಿಳಿಯಲಿಲ್ಲ. ಅದಕ್ಕೆ ಅಂಟಿದ್ದ ಚಾಕ್‌ಪೀಸಿನ ಕೊಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಸ್ತಿಲಿಗೆ ಇಡುವಂತೆ ಈ ತುದಿಗೊಂದು ಆ ತುದಿಗೊಂದು ಬೊಟ್ಟಿಟ್ಟು, ಕೈಮುಗಿದು ಹೋಗಿದ್ದಳು.

ಗೋಡೆಯಾಚೆಯಿಂದ ಕೇಳಿತು: "ಲೇ ಗೌರಿ, ಕೆಲವರು ಪೂಜೆ ಮಾಡಿದ್ರೆ ಮಾಟ ಅಂತಾರಂತೆ ಕಣೇ. ಪೊಲೀಸ್ನೋರು ಬರ್ತಾರಂತೆ. ನೀನೇ ಜಾಮೀನು ಕೊಡು."

ಉಮೇಶ್‌ಗೆ ತುರ್ತಾಗಿ ಪಂಚಾಯಿತಿಯಲ್ಲಿ ಕೆಲಸವಿತ್ತು. ಮುನಿಯಲ್ಲಪ್ಪ "ಪೋನೀಲೇ, ಹೋಗ್ಲಿ ಬಿಡು," ಎಂದು ಯಾರಿಗೂ ಅಲ್ಲದೆ ಹೇಳಿ, ಹೆಂಡತಿಯನ್ನು ಕರೆದುಕೊಂಡು ಹೊರಟ. ಅಂಗಳದಲ್ಲಿ ಚನ್ನರಾಯಪ್ಪನೂ ಅವನ ಸೈಕಲ್ಲೂ ಉಳಿದರು. ಅವನು ಸೈಕಲ್ಲಿಗೆ ಏನಾದರೂ ಹೇಳಬೇಕಿತ್ತು. ಗೋಡೆಯಾಚೆ ಪೊರಕೆ ಮತ್ತೆ ಗುಡಿಸತೊಡಗಿತು.

ಅವನು ಮಣೆಯಿಂದ ಇಳಿದು ಕೂತು, ಎರಡನೆಯ ಸುತ್ತಿನ ತಂತಿಗಳೆರಡನ್ನೂ ಬಿಚ್ಚಿ ಅದಲುಬದಲು ಮಾಡಿ ಕಟ್ಟಿದ. ಕುಂಕುಮವನ್ನು ಒರೆಸಲಿಲ್ಲ, ಅದಕ್ಕೆ ತಾಗದಂತೆ ಉಗುರಿನ ತುದಿಯಲ್ಲಿ ತಂತಿ ಹಿಡಿದು ಕಟ್ಟಿದ್ದರಿಂದ ಬಹಳ ಹೊತ್ತು ಹಿಡಿಯಿತು. ಸ್ವಿಚ್ಚು ಹಾಕಿದ. ಈ ಸಲ ಗಟ್ಟಿಯಾಗಿ ಓದಲಿಲ್ಲ.

ಹದಿನೆಂಟು.

*

ಹುಣ್ಣಿಮೆಯ ಸಂಜೆ ಗಂಗುಲಪ್ಪನ ಚೀಲ ಕಟ್ಟಿ ಮಂದಿರದ ಮೂಲೆಯಲ್ಲಿತ್ತು. ಬೆಳಗ್ಗೆ ಮೊದಲ ಬಸ್ಸು. ಹಳೆಯ ಸೆಟ್ಟಿನ ಕೆಂಪು ದೀಪ ಹತ್ತಿತು. ಮೈಕಿನ ಮುಂದೆ ಅವನು ಕೆಮ್ಮಿದ. ಆ ಕೆಮ್ಮು ಗೋಪುರದಿಂದ ಹೊರಟು, ಕೆರೆಯ ಏರಿಗೆ ಬಡಿದು, ಹಿಂದಿರುಗಿ ಬಂತು. ಗಂಗುಲಪ್ಪ ಹೆದರಿ, ಎರಡು ಕ್ಷಣ ಬಿಟ್ಟು, ರಾಗ ಎತ್ತಿದ.

ಹಾರ್ನಿನ ಮಹಿಮೆಯಿಂದ ಆದದ್ದಿಷ್ಟು: ಮಂದಿರಕ್ಕೆ ಬರುವ ಅವಶ್ಯಕತೆ ಈಗ ಯಾರಿಗೂ ಉಳಿಯಲಿಲ್ಲ. ಚಾಪೆಯ ಮೇಲೆ ಎಂದಿನಂತೆ ಚನ್ನರಾಯಪ್ಪ ಒಬ್ಬನೇ. ಅರ್ಥ ಹೇಳುವ ನಡುವೆ ಗಂಗುಲಪ್ಪ ಮೈಕಿಗೆ ಕೈ ಅಡ್ಡ ಹಿಡಿದು, "ಕೇಳ್ತಾವ್ರಾ?" ಎಂದ.

"ಕೇಳ್ತಾರೆ."

"ನಿನಗೇನು ಗೊತ್ತು?"

ಚನ್ನರಾಯಪ್ಪನಿಗೆ ಗೊತ್ತಿರಲಿಲ್ಲ. "ನೋಡ್ಕೊಂಡು ಬರ್ತೀನಿ," ಎಂದು ಎದ್ದು ಹೊರಟ. ಬೆಳದಿಂಗಳು ಬೀಳತೊಡಗಿತ್ತು. ಮುನಿಯಲ್ಲಪ್ಪನ ಮನೆಯಲ್ಲಿ ಟೀವಿ ಓಡುತ್ತಿತ್ತು. ಇನ್ನೊಂದು ಮನೆಯಲ್ಲಿ ಯಾರೋ ಫೋನಿನಲ್ಲಿ ನಗುತ್ತಿದ್ದರು. ಪದ್ಯ ಎಲ್ಲರ ಮಾಳಿಗೆಯ ಮೇಲೂ ಹಾಯ್ದು ಹೋಗುತ್ತಿತ್ತು, ಮೋಡ ಹೋಗುವ ಹಾಗೆ. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಅವನ ಕಾಲು ನಿಧಾನವಾಯಿತು. ಇಷ್ಟೆಲ್ಲ ಸಾಹಸ ಮಾಡಿ, ಮಂದಿರದೊಳಗೆ ಯಾರೂ ಕೇಳದಿದ್ದುದನ್ನು ಈಗ ಊರೆಲ್ಲ ಕೇಳದಂತೆ ಮಾಡಿದೆನಲ್ಲ ಎನಿಸಿತು.

ಭಾರತಮ್ಮ ಬಾಗಿಲಲ್ಲಿ ಕೂತಿರಲಿಲ್ಲ. ಗೋಡೆ ಹಿಡಿದು, ಬೀದಿಯಲ್ಲಿ ನಿಂತಿದ್ದಳು. ಚನ್ನರಾಯಪ್ಪ ತಲೆ ತಗ್ಗಿಸಿ ದಾಟಿಹೋಗುವವನಿದ್ದ.

"ಲೇ, ಚನ್ನಾ!"

ಅವನು ಹಿಂದಿರುಗಿ ನೋಡಿದ. ಸುತ್ತ ಹಸುವಿರಲಿಲ್ಲ.

"ಆವಯ್ಯ ಒಂದು ಪದ್ಯ ನುಂಗ್ಬಿಟ್ಟ ಕಣೋ!" ಅವಳು ಸಿಟ್ಟಿನಿಂದ ಹಿಡಿದಿದ್ದ ಗೋಡೆಯನ್ನೇ ಬಡಿದಳು. "ರಾಣಿ ಹೊಳೆ ದಾಟೋ ಪದ್ಯ. ಈಗ ತಾನೆ ಈ ದಡದಲ್ಲಿ ಅಳ್ತಾ ನಿಂತಿದ್ದೋಳು ಆಗ್ಲೇ ಆ ದಡದಲ್ಲಿ ಮಾತಾಡ್ತಾ ಅವ್ಳೆ. ಹೆಂಗೆ ಬಂದ್ಲು? ಹಾರ್ಕೊಂಡು ಬಂದ್ಲಾ? ನೀನು ಎದುರಿಗೇ ಕೂತ್ಕೊಂಡು ಏನು ಮಾಡ್ತಿದ್ದೆ? ಇನ್ನೂ ನಿದ್ದೆ ಹೊಡೀತಿದ್ದೀಯಾ?"

"ಇಲ್ಲಕ್ಕ..."

"ಹೋಗು. ಹೋಗಿ ಹೇಳು. ನಿಂತವ್ನೆ ನೋಡು ಕಂಬದಂಗೆ!"

ಚನ್ನರಾಯಪ್ಪ ಓಡಿದ. ಆ ವಯಸ್ಸಿನ ನಿವೃತ್ತ ನೌಕರ ಹುಣ್ಣಿಮೆಯಲ್ಲಿ ಬೀದಿಯುದ್ದಕ್ಕೂ ಓಡುವುದನ್ನು ಕಂಡವರು, ಸೆಟ್ಟಿಗೆ ಬೆಂಕಿ ಬಿತ್ತೆಂದು ತಿಳಿದರು. ಅವನು ಏದುಸಿರು ಬಿಡುತ್ತ ಮೈಕಿನ ಮುಂದೆಯೇ ಹೇಳಿದ: "ಸಾಮಿ, ಹೊಳೆ ದಾಟೋ ಪದ್ಯ ಬಿಟ್ರಂತೆ."

ಗಂಗುಲಪ್ಪನ ಬೆರಳು ಹಾಳೆಯ ಮೇಲೆ ನಿಂತಿತು.

"ಯಾರಂದ್ರು?"

"ಅಕ್ಕ."

ಗಂಗುಲಪ್ಪ ಕನ್ನಡಕ ತೆಗೆದ. "ಎಷ್ಟೋ ವರ್ಷದಿಂದ ನುಂಗ್ತಾ ಬಂದಿದೀನಿ ಕಣೋ. ಮೊದಲು ಒಂದು ಪದ್ಯ ಬಿಟ್ಟು ನೋಡಿದೆ, ಯಾರಾದ್ರೂ ಕೇಳ್ತಾರಾ ಅಂತ. ಆಮೇಲೆ ಎರಡು. ಹೋದ ವರ್ಷ ಒಂದು ಮದುವೇನೇ ಬಿಟ್ಟೆ. ಮಕ್ಕಳು ಹಂಗೇ ಹುಟ್ಟಿದ್ವು. ನೀನು ಎದುರಿಗೇ ಕೂತಿರ್ತಿದ್ದೆ. ಒಂದಿನಾನೂ ಬಾಯಿ ಬಿಡ್ಲಿಲ್ವಲ್ಲೋ."

"ದೊಡ್ಡೋರು ಓದ್ತಾ ಇರೋವಾಗ ಹೆಂಗೆ ಸಾಮಿ..."

"ಅದಕ್ಕೇ ಕಣೋ ನಾನು ಹೊರಟಿದ್ದು."

ಮೈಕು ನಡೆಯುತ್ತಲೇ ಇತ್ತು. ಈ ಮಾತೆಲ್ಲ ಊರ ಮೇಲೆ, ಕೆರೆಯ ಮೇಲೆ ಹಾಯ್ದು ಹೋಯಿತು. ಗಂಗುಲಪ್ಪನಿಗೆ ಅದರ ಪರಿವೆ ಇರಲಿಲ್ಲ. ಮೂಲೆಯ ಚೀಲವನ್ನು ಒಮ್ಮೆ ನೋಡಿ, "ಮಗಳಿಗೆ ಫೋನ್ ಮಾಡ್ಬೇಕು, ಬರಲ್ಲ ಅಂತ. ಅಲ್ಲಿ ಮರಗಳು ಏನು ಬಿಟ್ರೂ ಕೇಳಲ್ಲ," ಎಂದ. ಕನ್ನಡಕ ಏರಿಸಿದ. ಹಾಳೆಯನ್ನು ಹಿಂದಕ್ಕೆ ತಿರುವಿದ.

ರಾಗ ಮತ್ತೆ ಎದ್ದಿತು, ಮೊದಲಿಗಿಂತ ಎಚ್ಚರವಾಗಿ. ಚನ್ನರಾಯಪ್ಪ ಚಾಪೆಯ ಮೇಲೆ ತನ್ನ ಜಾಗದಲ್ಲಿ ಕೈಕಟ್ಟಿ ಕೂತ. ಯಾರೂ ಬರಲಿಲ್ಲ. ರಾಣಿ ನೀರಿಗೆ ಕಾಲಿಟ್ಟಳು. ನಡುಹೊಳೆಯಲ್ಲಿ ನೀರು ಸೊಂಟದ ತನಕ ಬಂತು, ಸೆರಗು ತೇಲಿತು, ಆಚೆ ದಡ ಇನ್ನೂ ಮಸುಕಾಗಿತ್ತು. ಗಂಗುಲಪ್ಪ ಅವಳನ್ನು ಅವಸರಪಡಿಸಲಿಲ್ಲ.